ಹದಿನೇಳನೆಯ ಲೂಯಿ ಮತ್ತು ಸೌತ್‌ಹಾಲಿನ ಬ್ಯಾನರ್

ಫ್ರಾನ್ಸಿನ ರಾಜಮನೆತನದ ಕಾರಣಕ್ಕೆ ಒಂದೇ ಬ್ಯಾನರನ್ನು ಎರಡು ಸಲ ಪ್ರಿಂಟ್ ಮಾಡಿಸಿದ ಧಾರವಾಡದವರು ನಿಮಗೆ ಯಾರಾದರೂ ಗೊತ್ತೇ? ಕಳೆದ ಶುಕ್ರವಾರ ಸೌತ್‌ಹಾಲಿನ ಬ್ರಾಡ್‌ವೇಯಲ್ಲಿ, ಸೀರೆ ಅಂಗಡಿಗೂ ಜಿಲೇಬಿ ಅಂಗಡಿಗೂ ನಡುವೆ, ಆರಡಿ ಉದ್ದದ ಸುರುಳಿಯೊಂದನ್ನು ಬಂದೂಕಿನಂತೆ ಹೆಗಲಿಗೇರಿಸಿಕೊಂಡು ನಡೆದವನು ನಾನೇ.

ವಿಷಯ ಗಂಭೀರವಾದದ್ದು. ಮೊದಲಿನಿಂದ ಹೇಳುತ್ತೇನೆ.

ನಮ್ಮ ಮಗ ಪ್ರಸನ್ನನಿಗೆ ಈ ತಿಂಗಳು ಗಂಡುಮಗು ಹುಟ್ಟಿತು. ನಾವೆಲ್ಲ ಒಟ್ಟಿಗೆ ಇರುವುದು ಇಂಗ್ಲಿಷರ ದೇಶದ ಫೆಲ್ಥಮ್‌ನಲ್ಲಿ. ಪ್ರಸನ್ನನಿಗೆ ಏರ್‌ಪೋರ್ಟಿನಲ್ಲಿ ಕೆಲಸ, ನಮಗೆ ತಲೆಯ ಮೇಲೆ ಎರಡು ನಿಮಿಷಕ್ಕೊಂದು ವಿಮಾನ. ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡಲು ಅಕ್ಸ್‌ಬ್ರಿಡ್ಜ್‌ನಲ್ಲಿ ಒಂದು ಹಾಲ್ ಬುಕ್ ಆಯಿತು.

ಹೆಸರಿನ ಬಗ್ಗೆ ಮಾತ್ರ ಚರ್ಚೆಗೆ ಅವಕಾಶವಿರಲಿಲ್ಲ. ನಮ್ಮ ಮನೆತನದಲ್ಲಿ ಗಂಡುಮಗುವಿಗೆ ತೀರಿಹೋದ ಹಿರಿಯರ ಹೆಸರು. ನಾನಿನ್ನೂ ಬದುಕಿರುವುದರಿಂದ ನನ್ನ ಹೆಸರು ಖಾಲಿಯಿಲ್ಲ (ಅನಾನುಕೂಲಕ್ಕೆ ವಿಷಾದಿಸುತ್ತೇನೆ). ಆದ್ದರಿಂದ ನಮ್ಮಪ್ಪನ ಹೆಸರು: ವಾಮನ. ಸೊಸೆ ರಮ್ಯಾ ಬೆಂಗಳೂರಿನವಳು. "ಚೆನ್ನಾಗಿದೆ ಮಾವ, ಇಲ್ಲಿನವರ ನಾಲಿಗೆಗೂ ಸುಲಭ" ಎಂದು ಒಂದೇ ಮಾತಿನಲ್ಲಿ ಮಸೂದೆ ಪಾಸು ಮಾಡಿದಳು.

ಇದೇ ಹೊತ್ತಿಗೆ ಮೊಮ್ಮಗಳು ಮೇಧಾಳಿಗೆ ಸ್ಕೂಲಿನಲ್ಲಿ ಫ್ರೆಂಚ್ ಹೋಮ್‌ವರ್ಕ್ ಬಂತು. ಒಂದು ಫ್ರೆಂಚ್ ಹೆಸರು ಆರಿಸಿಕೊಂಡು, ಚರಿತ್ರೆಯಲ್ಲಿ ಆ ಹೆಸರಿನ ದೊಡ್ಡವರನ್ನೆಲ್ಲ ಹುಡುಕಿ ಚಾರ್ಟ್ ಮಾಡಬೇಕು. ಹತ್ತು ವರ್ಷದ ಹುಡುಗಿ, ಬುದ್ಧಿವಂತೆ, ಆದರೆ ಲೋಕಾನುಭವ ಸಾಲದು. ಲೂಯಿ ಎಂಬ ಹೆಸರನ್ನು ಆರಿಸಿಬಿಟ್ಟಳು.

ವಾರವೊಂದರಲ್ಲಿ ನಮ್ಮ ಡೈನಿಂಗ್ ಟೇಬಲ್ ಫ್ರಾನ್ಸಿನ ಕೈವಶವಾಯಿತು. ಕುರುಡರು ಬೆರಳಿನಿಂದ ಓದುವ ಲಿಪಿ ಕೊಟ್ಟವನು ಲೂಯಿ. ಹಾಲು ಕೆಡದಂತೆ ಕಾಯಿಸುವ ಬಗೆ ತೋರಿಸಿದವನೂ ಲೂಯಿ.

"ಹಾಲ ಕಾಸೋದ ಕಲಸ್ಲಿಕ್ಕೆ ಫ್ರಾನ್ಸಿನವ್ರ ಬೇಕಾತೇನ?" ಎಂದು ನನ್ನ ಹೆಂಡತಿ ಶಾಂತಾ ಒಲೆಯ ಕಡೆಯಿಂದ ಕೇಳಿದಳು. ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿಲ್ಲ.

ಇವರಿಬ್ಬರ ಹಿಂದೆ ರಾಜರ ಸಾಲು. ಒಂದರಿಂದ ಹದಿನೆಂಟರವರೆಗೆ, ಎಲ್ಲರೂ ಲೂಯಿ! ಗುರುತು ತಪ್ಪಬಾರದೆಂದು ಜನ ಕೆಲವರಿಗೆ ಅಡ್ಡಹೆಸರು ಇಟ್ಟಿದ್ದರು. ಉಗ್ಗುವ ಲೂಯಿ. ದಪ್ಪ ಲೂಯಿ. ಸಂತ ಲೂಯಿ. ತನ್ನನ್ನು ಸೂರ್ಯನಿಗೆ ಹೋಲಿಸಿಕೊಂಡು ತೃಪ್ತನಾಗಿದ್ದ ಇನ್ನೊಬ್ಬ ಲೂಯಿ.

"ಇಡೀ ದೇಶದಾಗ ಬ್ಯಾರೆ ಹೆಸರ ಇರ್ಲಿಲ್ಲೇನ?" ಎಂದು ನಾನು ನಕ್ಕೆ.

ಮೇಧಾಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಹೊರಡುತ್ತದೆ. ಕನ್ನಡಕದ ಮೇಲಿನಿಂದ ನೋಡಿ, "ಅಜ್ಜಾ, ಹೌ ಮೆನಿ ವಾಮನ್ಸ್ ಡು ವೀ ಹ್ಯಾವ್?" ಎಂದಳು.

ಎಣಿಸಿದೆ. ಸೀನಿನಿಂದಲೇ ಊರಿಗೆ ಪರಿಚಿತರಾಗಿದ್ದ ನಶ್ಯದ ವಾಮನಪ್ಪ. ಒಂದು ಬೇವಿನ ಮರಕ್ಕಾಗಿ ಜೀವಮಾನವಿಡೀ ದಾವೆ ನಡೆಸಿದ ಕೋರ್ಟು ವಾಮನರಾಯರು. ಮೂರನೆಯವರು ನಮ್ಮಪ್ಪ, ಮಾಸ್ತರ ವಾಮನರಾಯರು. ಹೊಸಬನೊಂದಿಗೆ ನಾಲ್ಕು. ನಮ್ಮಲ್ಲೂ ಒಂದು ರಾಜವಂಶವಿದೆ ಎಂದು ನನಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು. ತಡವಾಯಿತು, ನಿಜ.

ಮುಂದಿನದು ಸಹಜ. ಮೇಧಾ ಕಂಪ್ಯೂಟರಿನಲ್ಲಿ ಬ್ಯಾನರ್ ಡಿಸೈನ್ ಮಾಡಿದಳು. ಮೇಲೊಂದು ಕಿರೀಟ, ಕೆಳಗೆ ತಮ್ಮನ ಹೆಸರು, ಮುಂದೆ ರೋಮನ್ ಅಂಕಿಯಲ್ಲಿ ನಾಲ್ಕು. ನಾನು ರಾಜಗಾಂಭೀರ್ಯದಿಂದ ಒಪ್ಪಿಗೆ ಕೊಟ್ಟೆ. ಗುರುವಾರ ಸೌತ್‌ಹಾಲಿನಿಂದ ಬ್ಯಾನರ್ ಬಂತು. ಶಾಂತಾ ಅದನ್ನು ಸೋಫಾದ ಮೇಲೆ ಬಿಚ್ಚಿ ಹರಡಿದಳು. ಸ್ವಲ್ಪ ಹೊತ್ತು ನೋಡಿದಳು.

"ನಾಕಲ್ರಿ. ಐದು."

"ಯಾಕ? ನಶ್ಯದವ್ರು, ಕೋರ್ಟಿನವ್ರು, ನಮ್ಮಪ್ಪ, ಇಂವ. ನಾಕಽ."

"ನನ್ನ ವಾಮನ?"

ಆ ಕ್ಷಣದಲ್ಲಿ ಒಂದು ವಿಮಾನ ಹೋಗಬೇಕಿತ್ತು. ಹೋಗಲಿಲ್ಲ.

ಓದುಗರೇ, ಇಷ್ಟು ವರ್ಷ ಈ ಅಂಕಣದಲ್ಲಿ ನನ್ನ ಮಂಡಿನೋವಿನಿಂದ ಹಿಡಿದು ಕೌನ್ಸಿಲ್‌ನವರ ಕಸದ ಡಬ್ಬಿಯವರೆಗೆ ಎಲ್ಲವನ್ನೂ ಬರೆದಿದ್ದೇನೆ. ಇದನ್ನು ಬರೆದಿಲ್ಲ. ಪ್ರಸನ್ನನಿಗಿಂತ ಮೊದಲು ನಮಗೊಬ್ಬ ಮಗ ಹುಟ್ಟಿದ್ದ. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ವಾಮನ ಎಂದು ಹೆಸರಿಟ್ಟೆವು. ಹತ್ತೊಂಬತ್ತನೆಯ ದಿನ ಮಗು ಹೋಯಿತು, ತೊಟ್ಟಿಲು ಅಟ್ಟಕ್ಕೆ ಹೋಯಿತು. ಮೂರು ವರ್ಷದ ಮೇಲೆ ಪ್ರಸನ್ನ ಹುಟ್ಟಿದಾಗ ಹಿರಿಯರು ಆ ಹೆಸರು ಬೇಡವೆಂದರು. ಹೋದ ಮಗುವಿನ ಮಾತೇ ಬೇಡ ಎಂದವನು ನಾನು. ಶಾಂತಾ ಅಳಬಾರದೆಂದು ಹಾಗೆ ಹೇಳಿದೆ ಎಂದುಕೊಂಡಿದ್ದೆ. ನಲವತ್ತೊಂದು ವರ್ಷ ಹಾಗೇ ಅಂದುಕೊಂಡೆ.

ಗುರುವಾರವೂ ಬಾಯಿಗೆ ಬಂದದ್ದು ಅದೇ ಹಳೆಯ ಮಾತು: "ಮಂಗಳ ಕಾರ್ಯದಾಗ ಅದೆಲ್ಲಾ ಯಾಕ ಈಗ?"

"ಇಲ್ಲ ಬಿಡ್ರಿ, ಸುಮ್ನ ಅಂದೆ" ಎಂದು ಶಾಂತಾ ಬ್ಯಾನರ್ ಸುತ್ತತೊಡಗಿದಳು. ಅಂಚಿಗೆ ಅಂಚು ಕೂಡಿಸಿ, ರೇಷ್ಮೆ ಸೀರೆ ಮಡಚುವಷ್ಟು ನೀಟಾಗಿ. ಅವಳಿಗೆ ರೂಢಿಯಿತ್ತು.

"ಹೂ ಈಸ್ ಅಜ್ಜೀಸ್ ವಾಮನ್?"

ಮೇಧಾ ಅಲ್ಲೇ ಇದ್ದಾಳೆಂಬುದು ನಮ್ಮಿಬ್ಬರಿಗೂ ಮರೆತಿತ್ತು. ಶಾಂತಾ ನನ್ನ ಮುಖ ನೋಡಿದಳು. ನಾನು ಕಾರ್ಪೆಟ್ ನೋಡಿದೆ. ಆಮೇಲೆ ಅವಳೇ ಹೇಳಿದಳು: "ನಿಮ್ಮಪ್ಪನ ಅಣ್ಣ, ಪುಟ್ಟಿ. ಸಣ್ಣ ಕೂಸಿದ್ದಾಗ ಹೋದ."

ಹುಡುಗಿ ಎದ್ದು ಹೋಗಿ ತನ್ನ ಚಾರ್ಟ್ ತಂದು ನನ್ನ ತೊಡೆಯ ಮೇಲಿಟ್ಟಳು. ಹದಿನೇಳರ ಮೇಲೆ ಬೆರಳು. ಹದಿನಾರನೆಯ ಲೂಯಿಯ ತಲೆ ಕ್ರಾಂತಿಯಲ್ಲಿ ಹೋಯಿತು, ಅದು ನನಗೂ ಗೊತ್ತಿತ್ತು. ಅವನಿಗೊಬ್ಬ ಮಗನಿದ್ದನಂತೆ. ಪಟ್ಟವಿಲ್ಲ, ಸಿಂಹಾಸನವಿಲ್ಲ, ಒಂದು ದಿನದ ಆಳ್ವಿಕೆಯಿಲ್ಲ. ಸೆರೆಯಲ್ಲೇ ಸತ್ತ. ಹತ್ತು ವರ್ಷ ("ಸೇಮ್ ಆ್ಯಸ್ ಮೀ"). ಎಷ್ಟೋ ವರ್ಷದ ಮೇಲೆ ಅವನ ಚಿಕ್ಕಪ್ಪ ರಾಜನಾದ. ಅವನ ಹೆಸರೂ ಲೂಯಿಯೇ. ಆದರೆ ಹದಿನೇಳನೆಯವನು ಎಂದು ಕರೆದುಕೊಳ್ಳಲಿಲ್ಲ, ನೇರವಾಗಿ ಹದಿನೆಂಟನೆಯವನಾದ.

"ದೇ ಕೆಪ್ಟ್ ಹಿಸ್ ನಂಬರ್, ಅಜ್ಜಾ."

ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಜೊತೆ ವಾದಿಸಿ ಗೆದ್ದವನು ನಾನು. ಹತ್ತು ವರ್ಷದವಳೆದುರು ಸೋತೆ. ಅಷ್ಟಕ್ಕೂ ಆ ರಾಜಕುಮಾರನಿಗೆ ಪಟ್ಟಾಭಿಷೇಕವೂ ಆಗಿರಲಿಲ್ಲ. ನಮ್ಮವನಿಗೆ ತೊಟ್ಟಿಲಾಗಿತ್ತು. ಕಿವಿಯಲ್ಲಿ ಹೆಸರು ಹೇಳಿ ಆಗಿತ್ತು.

ಮರುದಿನ ಪ್ರಸನ್ನ ಕೆಲಸದಿಂದ ಬಂದವನೇ ಮೇಧಾ ಹೇಳಿದ್ದನ್ನು ಕೇಳಿ ಕಾರಿನ ಕೀ ಎತ್ತಿಕೊಂಡ. "ನಡೀರಿ ಅಪ್ಪಾ, ಅಂಗಡಿ ಆರಕ್ಕ ಮುಚ್ತದ." ಅಷ್ಟೇ. ಅಣ್ಣನ ವಿಷಯ ಅವನಿಗೆ ಮೊದಲೇ ಗೊತ್ತಿತ್ತು. ಯಾರಿಂದ ಎಂದು ನಾನು ಕೇಳಲಿಲ್ಲ. ನಾನಂತೂ ಹೇಳಿರಲಿಲ್ಲ.

ಅಂಗಡಿಯ ಸರ್ದಾರ್‌ಜಿ ಬ್ಯಾನರ್ ಬಿಚ್ಚಿ, "ಕ್ಯಾ ಹುವಾ ಅಂಕಲ್‌ಜೀ, ಸ್ಪೆಲಿಂಗ್ ಮಿಸ್ಟೇಕ್?" ಎಂದ.

"ಅಲ್ಲ, ಎಣಿಕೆಯ ಮಿಸ್ಟೇಕ್. ನಾಲ್ಕು ಐದಾಗಬೇಕು" ಎಂದು ನನ್ನ ಹರಕು ಹಿಂದಿಯಲ್ಲಿ ವಿವರಿಸಿದೆ.

ಅವನು ಜಾಣ. ರೋಮನ್ ನಾಲ್ಕರ ಎಡಗಡೆಯ ಒಂಟಿ ಕಡ್ಡಿಯ ಮೇಲೆ ಬಿಳಿಯ ಸ್ಟಿಕ್ಕರ್ ಅಂಟಿಸಿದರೆ ಐದಾಗುತ್ತದೆ, ಹೊಸದೇಕೆ, ಎರಡು ನಿಮಿಷದ ಕೆಲಸ ಎಂದ. ಸ್ಟಿಕ್ಕರ್ ಆಗಲೇ ಕೈಯಲ್ಲಿತ್ತು.

"ಬೇಡ" ಎಂದೆ. ಮುಚ್ಚಿ ಕೆಲಸ ಸಾಗಿಸುವುದರಲ್ಲಿ ನನಗೆ ನಲವತ್ತೊಂದು ವರ್ಷದ ಅನುಭವವಿದೆ. ಹೊಸದಾಗಿಯೇ ಪ್ರಿಂಟ್ ಆಗಲಿ.

ಭಾನುವಾರ ಹಾಲ್‌ನಲ್ಲಿ ಹೆಂಗಸರು ಜೋಗುಳ ಹಾಡಿದರು. ಶಾಂತಾ ತೊಟ್ಟಿಲಿಗೆ ಬಾಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು. ಉಳಿದವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬಾಗಿಯೇ ಇದ್ದಳು. ಐದನೆಯ ವಾಮನ ಮಹಾರಾಜರು ಪ್ರಜೆಗಳ ಕಡೆ ತಿರುಗಿಯೂ ನೋಡದೆ ನಿದ್ದೆ ಮಾಡಿದರು.

ಊಟದ ಹೊತ್ತಿಗೆ ವಿಜಯಪುರದ ಕಡೆಯ ಹಿರಿಯ ಹೆಂಗಸೊಬ್ಬರು ಬ್ಯಾನರ್ ನೋಡುತ್ತ ನಿಂತರು. "ಮೂರು ಮಂದಿ ವಾಮನರಾಯರ ಕಥಿ ಈಗಽ ಹೇಳಿದ್ರಿ. ಕೂಸ ಐದನೇದಂವ ಅಂತೀರಿ. ನಾಕನೇದಂವ ಯಾರ್ರೀ?"

ನಾನು ಗಂಟಲು ಸರಿಮಾಡಿಕೊಂಡೆ. ಮಾತು ಬದಲಿಸಲು ಬದನೆಕಾಯಿ ಎಣಗಾಯಿ ಸಿದ್ಧವಾಗಿತ್ತು. ಅದಕ್ಕೂ ಮೊದಲು ಶಾಂತಾ, ತುಂಬಿದ ಹಾಲ್‌ನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ನನ್ನ ಹಿರೇ ಮಗರೀ. ಹತ್ತೊಂಬತ್ತ ದಿನ ಇದ್ದ. ತಲೀ ತುಂಬ ಕೂದಲಿತ್ತು."

ತಲೆಯ ತುಂಬ ಕೂದಲಿತ್ತು ಎಂಬುದು ನನಗೆ ಮರೆತೇ ಹೋಗಿತ್ತು.

ಫ್ರಾನ್ಸಿನವರಿಗೆ ತಮ್ಮ ರಾಜರನ್ನು ಉಳಿಸಿಕೊಳ್ಳಲು ಬರಲಿಲ್ಲ, ಒಪ್ಪುತ್ತೇನೆ; ಎಣಿಸಲು ಮಾತ್ರ ನನಗಿಂತ ಚೆನ್ನಾಗಿ ಬಂತು.