ನಾಲ್ಕರಿಂದ ಐದು ಅವ್ವನ ಪಾಲು

ನಾನು ಪುತ್ತೂರು ಕಡೆಯ ಇಚಿಲಂಪಾಡಿಗೆ ಬಂದ ಮೊದಲ ಭಾನುವಾರ ಅವ್ವನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಎದೆಗೂ ಬಾಯಿಗೂ ನಡುವೆ ಐದು ಬೆರಳು, ಅರ್ಧ ಮುಚ್ಚಿದ ಕಣ್ಣು. ಫೋನಿನ ಪರದೆಯ ಮೇಲೆ ಸಣ್ಣ ಚಕ್ರವೊಂದು ಸುತ್ತುತ್ತಲೇ ಇತ್ತು. ಊಟ ಆಯಿತಾ ಎಂದಳೋ, ಎದೆನೋವು ಎಂದಳೋ ತಿಳಿಯಲಿಲ್ಲ.

ಅವ್ವನಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಬಾಯಿಮಾತೂ ಇಲ್ಲ. ಗದಗ ಸೀಮೆಯ ನಮ್ಮ ಓಣಿಯಲ್ಲಿ ಎಲ್ಲರೂ ಅವಳೊಂದಿಗೆ ಕೈಯಲ್ಲೇ ಮಾತಾಡುತ್ತಾರೆ. ಊರು ಬಿಟ್ಟ ಬೇರೆಯವರಿಗೆ ಸಾದಾ ಫೋನು ಸಾಕು, ಕಿವಿಗಿಟ್ಟು ಹಲೋ ಅಂದರಾಯಿತು. ನನಗೆ ಚಿತ್ರ ಕಾಣದಿದ್ದರೆ ಅವ್ವನೇ ಇಲ್ಲ. ಇಲ್ಲಿನ ಸರ್ಕಾರಿ ಶಾಲೆಗೆ ಶಿಕ್ಷಕಿಯಾಗಿ ಬರುವಾಗ ನಾನು ಹೆದರಿದ್ದು ಇದೊಂದಕ್ಕೇ.

ಉಳಿದದ್ದು ಹೇಗೋ ಒಗ್ಗಿತು. ರೊಟ್ಟಿ ತಿಂದು ಬೆಳೆದ ಹೊಟ್ಟೆ ದಪ್ಪ ಕುಚ್ಚಲಕ್ಕಿಯ ಜೊತೆ ಒಂದು ತಿಂಗಳು ಜಗಳವಾಡಿ ಸುಮ್ಮನಾಯಿತು. ತುಳು ಮಾತ್ರ ಬಲ್ಲ ಒಂದನೇ ತರಗತಿಯ ಮಕ್ಕಳನ್ನು ಕೈಸನ್ನೆಯಲ್ಲಿ ನಿಭಾಯಿಸಿದೆ. ಅದು ಅವ್ವ ಕೊಟ್ಟ ವಿದ್ಯೆ.

ನಾನು ಬಾಡಿಗೆಗಿದ್ದ ಮನೆಯ ಒಡತಿ ಲಲಿತಕ್ಕ ಆಲಂಕಾರಿನಿಂದ ಕೇಬಲ್ ಪದ್ಮನಾಭಣ್ಣನನ್ನು ಕರೆಸಿದರು. ದುಡ್ಡು ತಗೊಳ್ಳುತ್ತೀರಿ, ನೆಟ್ ಕೊಡುವುದಿಲ್ಲ ಎಂದು ಬಂದವರನ್ನು ದಬಾಯಿಸಿದೆ. ಅವರು ಸಿಟ್ಟಾಗಲಿಲ್ಲ. ಚೀಲದಿಂದ ಕಪ್ಪು ತಂತಿಯ ತುಂಡೊಂದನ್ನು ತೆಗೆದು, ತುದಿ ಸುಲಿದು, ಕೂದಲಿನಷ್ಟು ಸಣ್ಣ ಗಾಜಿನ ಎಳೆ ತೋರಿಸಿದರು. ಅಂಥದೇ ತಂತಿ ರಬ್ಬರ್ ಮರದಿಂದ ಮರಕ್ಕೆ ಹಾದು ನಮ್ಮ ಮನೆಗೆ ಬಂದಿತ್ತು.

"ನೆಟ್ ನಾವು ಮಾಡುದಲ್ಲ ಟೀಚರೇ. ಬೇರೆ ದೇಶದಿಂದ ಸಮುದ್ರದ ಅಡಿಯಲ್ಲಿ ಮುಂಬೈಗೆ, ಚೆನ್ನೈಗೆ ಬರುದು. ಮತ್ತೆ ಮಂಗಳೂರು, ಪುತ್ತೂರು, ಈ ಗುಡ್ಡೆ. ನಾನು ಕ್ರಯ ಕೊಟ್ಟು ತಕ್ಕೊಳ್ಳುದು. ಏಳು ಮನೆಗೆ ಇಷ್ಟೇ ಪಾಲು. ಎಲ್ಲರೂ ಒಟ್ಟಿಗೆ ಸಿನೆಮಾ ಹಾಕಿದ್ರೆ ನಿಮ್ಮ ಅಮ್ಮ ನಿಲ್ಲುದೇ."

ಕ್ರಯ ಎಂದರೆ ಇಲ್ಲಿ ಬೆಲೆ. ದಾರಿಯುದ್ದಕ್ಕೂ ಒಬ್ಬರಿಂದ ಒಬ್ಬರು ಕೊಳ್ಳುತ್ತಲೇ ಬರುತ್ತಾರಂತೆ, ಹೆಚ್ಚು ಬೇಕೆಂದರೆ ಪ್ರತಿ ಮೆಟ್ಟಿಲಲ್ಲೂ ಹೆಚ್ಚು ತೆರಬೇಕಂತೆ. ಗದಗಕ್ಕೂ ಇಲ್ಲಿಗೂ ನಡುವೆ ಸಮುದ್ರವೆಲ್ಲಿದೆ ಎಂದು ಕೇಳಿದೆ. ಕರೆ ನಡೆಸುವ ಯಂತ್ರ ಯಾವ ಊರಿನಲ್ಲಿದೆಯೋ ಚಿತ್ರ ಅಲ್ಲಿಗೆ ಹೋಗಿಯೇ ಬರಬೇಕು, ಅದು ಎಲ್ಲಿ ಎಂದು ತನಗೂ ಗೊತ್ತಿಲ್ಲ ಎಂದರು. ನಾನು ಬೆರಗಾಗಿ ನಿಂತೆ. ಹಡಗುಗಳು ಕಡಲ ತಳಕ್ಕೆ ಇಳಿಬಿಟ್ಟ ಗಾಜಿನ ಎಳೆಯಲ್ಲಿ, ರಸ್ತೆ ದಾಟಲು ನನ್ನ ಕೈ ಹಿಡಿಯುವ ಅವ್ವನ ಬೆರಳುಗಳು ಬೆಳಕಾಗಿ ಓಡುತ್ತಿರಬಹುದು. ಸಮುದ್ರವನ್ನೇ ನೋಡದ ಅವಳಿಗೆ ಇದನ್ನು ಯಾವ ಸನ್ನೆಯಲ್ಲಿ ಹೇಳಲಿ?

ಮುಂದಿನ ಭಾನುವಾರ ನಾಲ್ಕು ಗಂಟೆಗೆ ಅವ್ವ ಒಮ್ಮೆಯೂ ನಿಲ್ಲಲಿಲ್ಲ. ಆಮೇಲೆ ಯಾವ ಭಾನುವಾರವೂ ನಿಲ್ಲಲಿಲ್ಲ. ನನ್ನ ಬಾಯಿ ಕೆಲಸ ಮಾಡಿತೆಂದು ಬೀಗಿದೆ. ದಾರಿಯಲ್ಲಿ ಸಿಕ್ಕ ಪದ್ಮನಾಭಣ್ಣನಿಗೆ ಥ್ಯಾಂಕ್ಸ್ ಹೇಳಿದರೆ, ತಾನು ಏನೂ ಮಾಡಲಿಲ್ಲವೆಂದು ತಲೆ ಕೆರೆದುಕೊಂಡರು.

ಒಂದು ಭಾನುವಾರ ಅವ್ವ ನೆಂಟರ ಮದುವೆಗೆ ಹೋಗಿದ್ದಳು. ಬಿಡುವಾಗಿದ್ದ ನಾನು ನಾಲ್ಕು ಗಂಟೆಗೆ ನೆರೆಮನೆಯ ಕುಂಞಣ್ಣನಲ್ಲಿಗೆ ಮಜ್ಜಿಗೆ ಕೇಳಲು ಹೋದೆ. ಕ್ರಿಕೆಟ್ ಇದ್ದ ದಿನ. ಆ ಮುದುಕರು ಆರಿದ ಟಿವಿಯ ಎದುರು ಸುಮ್ಮನೆ ಕುಳಿತಿದ್ದರು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ನೆಟ್‌ ಪೆಟ್ಟಿಗೆಯ ಪ್ಲಗ್ ಮಾತ್ರ ಕಿತ್ತಿತ್ತು. ಏಕೆಂದು ಕೇಳಿದೆ.

"ಎಂತ ಟೀಚರೇ, ಆದಿತ್ಯವಾರ ನಾಲ್ಕರಿಂದ ಐದು ನಿಮ್ಮ ಅಮ್ಮನ ಪಾಲು ಅಲ್ವಾ? ಲಲಿತಕ್ಕ ಎಲ್ಲಾ ಮನೆಗೂ ಹೇಳಿದ್ದಾರೆ. ನಾವು ಬಂದ್ ಮಾಡುದು."

ಮಳೆ ನಿಂತ ಮೇಲೆ ಇಲ್ಲಿನವರು ಸೇರಿ ತೋಡಿಗೆ, ಅಂದರೆ ಹಳ್ಳಕ್ಕೆ, ಕಲ್ಲುಮಣ್ಣಿನ ಕಟ್ಟ ಹಾಕುತ್ತಾರೆ. ನಿಂತ ನೀರು ಯಾವ ಹೊತ್ತು ಯಾರ ತೋಟಕ್ಕೆ ಎಂಬುದು ಬಾಯಿಮಾತಿನಲ್ಲೇ ನಡೆಯುತ್ತದೆ. ಕಡಲ ತಳದಿಂದ ಬಂದ ಬೆಳಕಿಗೂ ಅದೇ ರಿವಾಜು ಹಚ್ಚಿದ್ದರು, ನನಗೆ ಹೇಳದೆ. ನಮ್ಮ ಓಣಿಯಲ್ಲಿ ನಳ ಬಂದ ದಿನ ನಾನೇ ಕೊಡ ಹಿಡಿದು ಕಾದಾಡಿದವಳು. ನಾಚಿಕೆಯಾಯಿತು, ಕಣ್ಣೂ ತುಂಬಿತು.

ಇವತ್ತು ಅವ್ವ ಮದುವೆಗೆ ಹೋಗಿದ್ದಾಳೆ, ಟಿವಿ ಹಾಕಿಕೊಳ್ಳಿ ಎಂದೆ. ಕುಂಞಣ್ಣ ಗಡಿಯಾರ ನೋಡಿದರು.

"ಐದು ಆಗಲಿ. ಅವರು ಬೇಗ ಬಂದ್ರೆ?"

ಬೇಸಿಗೆ ರಜೆಗೆ ಊರಿಗೆ ಬಂದಾಗ ಇದೆಲ್ಲವನ್ನೂ ಅವ್ವನಿಗೆ ಕೈಯಲ್ಲಿ ಹೇಳಿದೆ. ಭಾನುವಾರ ನಾಲ್ಕಾಗುತ್ತಲೇ ಅವಳೇ ಫೋನನ್ನು ಗೋಡೆಗೆ ಆನಿಸಿಟ್ಟು, ಅವರಿಗೆ ಹಚ್ಚು ಎಂದು ನನ್ನ ಭುಜ ತಟ್ಟಿದಳು. ಪರದೆಯಲ್ಲಿ ಲಲಿತಕ್ಕ ಬಂದರು. ಐದು ಬೆರಳು ಸೇರಿಸಿ ಬಾಯಿಯ ಹತ್ತಿರ ತಂದು ಹುಬ್ಬು ಏರಿಸಿದರು. ಊಟ ಆಯಿತಾ? ವಾರವಾರವೂ ನಾನು ಜಗಲಿಯಲ್ಲಿ ಕುಳಿತು ಮಾಡುವುದನ್ನು ನೋಡಿಯೇ ಕಲಿತಿದ್ದರು. ಅವ್ವ ಬಾಯ್ತುಂಬ ನಕ್ಕಳು, ಅವಳ ಎರಡೂ ಕೈ ಒಟ್ಟಿಗೆ ಎದ್ದವು.

ಅವರಿಬ್ಬರ ಮಾತು ನಡೆದಿತ್ತು. ಅವ್ವನಿಗೆ ತೊಡೆ ತಾಗಿಸಿಯೇ ಕುಳಿತಿದ್ದೆ, ಆದರೂ ನನ್ನ ಕಣ್ಣು ಲಲಿತಕ್ಕನ ಬೆನ್ನ ಹಿಂದಿನ ಜಗಲಿಗೆ ಹೋಯಿತು. ಅಲ್ಲಿ ನನ್ನ ಕುರ್ಚಿ ಖಾಲಿ ಇತ್ತು. ಕಣ್ಣೊರೆಸಿಕೊಂಡೆ. ಏನಾಯಿತೆಂದು ಅವ್ವ ಕೈಯಲ್ಲಿ ಕೇಳಿದಳು. ಊರು ನೆನಪಾಯಿತು ಎಂದೆ. ಯಾವ ಊರು ಎಂದು ಅವಳು ಕೇಳಿದಾಗ ಪರದೆಯಲ್ಲಿನ ಆ ಕುರ್ಚಿಗೆ ಬೆರಳು ತೋರಿಸಿದೆ.