ಹಿಡಿಯೊಳಗಿನ ಹೆಸರು

ಹಲ್ಲುನೋವೆಂದು ಹೆಂಡತಿ ಹತ್ತಿಗೆ ಲವಂಗದೆಣ್ಣೆ ಹಾಕಿ ಕೊಟ್ಟಳು. ಬಾಯಿಗೆ ಇಡುವ ಮೊದಲೇ ಆ ವಾಸನೆ ನನ್ನನ್ನು ಗಲ್ಫಿನ ಶರ್ಕ್ ಪೇಟೆಯಲ್ಲಿ ನಾನು ಕೆಲಸಕ್ಕಿದ್ದ ಹಳೆಯ ಆಫೀಸಿಗೆ ಎಳೆದೊಯ್ದಿತು. ಮೂಗಿನ ನೆನಪಿಗೆ ಅಲ್ಲಿನ ವಾಸದ ಪರವಾನಗಿ ಇಕಾಮಾ, ವೀಸಾ ಏನೂ ಬೇಡ ನೋಡಿ.

ನಮ್ಮ ಮಾಲೀಕರು ಅಬೂ ಯೂಸುಫ್, ಹಡಗಿನ ಬಿಡಿಭಾಗಗಳ ವ್ಯಾಪಾರಿ. ಪ್ರಾಯದಲ್ಲಿ ಜಪಾನಿಗೆ ಹೋದಾಗ ಒಂದು ಹಳೆಯ ಕತ್ತಿ ತಂದಿದ್ದರು. ಅದಕ್ಕೆ ಲವಂಗದ ಪರಿಮಳದ ಎಣ್ಣೆ ಸವರುತ್ತ, "ಇದು ದೊಡ್ಡ ಗುರುವಿನ ಕೈಯದ್ದು" ಎಂದು ಬಂದವರಿಗೆಲ್ಲ ಹೇಳುವುದು ಅವರ ಅಭ್ಯಾಸ. ಒಮ್ಮೆ ಮಗ ಯೂಸುಫ್ ಅತಿಥಿಗಳ ಎದುರೇ, "ಬಾಬಾ, ಅದು ನಕಲಿ" ಎಂದು ನಕ್ಕುಬಿಟ್ಟ. ಆಮೇಲೆ ಅವರು ಕತ್ತಿಯನ್ನು ಹೊರಗೆ ತೆಗೆಯಲೇ ಇಲ್ಲ.

ಅವರು ತೀರಿಕೊಂಡ ಮೇಲೆ ಹೆಂಡತಿ ಉಮ್ಮು ಯೂಸುಫ್ ಅದನ್ನು ಬಟ್ಟೆಯಲ್ಲಿ ಸುತ್ತಿ ಆಫೀಸಿಗೆ ತಂದರು. "ಭಾಯಿ, ಮಾಡಿದವನ ಹೆಸರು ಇದರೊಳಗೇ ಇದೆಯಂತೆ. ಹುಡುಕಿಕೊಡು. ನನ್ನ ಗಂಡ ಮೋಸ ಹೋಗಲಿಲ್ಲ ಅಂತ ಮಗನಿಗೆ ಗೊತ್ತಾಗಬೇಕು," ಎಂದರು ತಮ್ಮ ಹರಕು ಹಿಂದಿಯಲ್ಲಿ.

ನಾಲ್ಕಾರು ವಿಡಿಯೋ ನೋಡಿ ನಾನು ಪಂಡಿತನಾದೆ. ಬಿದಿರಿನ ಬೆಣೆ ತೆಗೆದು ಹಿಡಿ ಕಳಚಿದರೆ, ಒಳಗೆ ಕಪ್ಪುಗಟ್ಟಿದ ಕಬ್ಬಿಣದಲ್ಲಿ ಕೊರೆದ ಅಕ್ಷರಗಳು, ಮೇಲೆಲ್ಲ ತುಕ್ಕು. ಲಿಂಬೆಹುಳಿ ಹಿಡಿದು ಉಜ್ಜಲು ಹೊರಟವನ ಕೈಯನ್ನು ಪಕ್ಕದ ಮೇಜಿನ ಹಮೀದ್ ಹಿಡಿದುಕೊಂಡ. ಅವನು ಬಂಟ್ವಾಳದ ಬ್ಯಾರಿ.

"ಎಂತ ಮಾರಾಯ್ರೆ, ಪಾತ್ರೆ ತೊಳೀಲಿಕ್ಕೆ ಕೂತದ್ದಾ? ಹೆಸರೇ ಹೋದ್ರೆ? ನೀವಿರುವ ಅಹ್ಮದಿ ಊರಲ್ಲಿ ಆ ಜಪಾನಿ ಮೇಡಂ ಇದ್ದಾರಲ್ಲ, ಒಮ್ಮೆ ಕೇಳುವ."

ಮೇಡಂ ಎಂದರೆ ಸಾಚಿಕೋ, ನಮ್ಮ ಬೀದಿಯ ಎಂಜಿನಿಯರೊಬ್ಬರ ಹೆಂಡತಿ. ಲಿಂಬೆಯ ಕಥೆ ಕೇಳಿ ಆಕೆ ಕಣ್ಣು ಮುಚ್ಚಿಕೊಂಡರು. "ಈ ತುಕ್ಕನ್ನು ನೋಡಿಯೇ ಕತ್ತಿಯ ವಯಸ್ಸು ಹೇಳುವುದು," ಎಂದರು. ಆಮೇಲೆ ಅಕ್ಷರಗಳ ಮೇಲೆ ತೆಳುಕಾಗದ ಹಾಸಿ, ಮಸಿ ಮೆತ್ತಗೆ ಉಜ್ಜಿದರು. ಕಪ್ಪಿನ ನಡುವೆ ಬಿಳಿ ಗೆರೆಗಳು ಎದ್ದು ಬಂದವು. ಆ ಅಚ್ಚನ್ನು ತಮ್ಮೂರಿನ ಹಿರಿಯ ಪರಿಣತರೊಬ್ಬರಿಗೆ ಕಳಿಸಿದರು.

ಉತ್ತರ ಬಂದ ದಿನ ಉಮ್ಮು ಯೂಸುಫರ ಮನೆಯಲ್ಲಿ ಎಲ್ಲರೂ ಸೇರಿದ್ದೆವು; ಯೂಸುಫನೂ ಇದ್ದ.

"ದೊಡ್ಡ ಗುರುವಿನದಲ್ಲ," ಎಂದರು ಸಾಚಿಕೋ. ತಾಯಿಯ ಮುಖ ಬಾಡಿತು. ಮಗ ಈ ಸಲ ನಗಲಿಲ್ಲ.

"ಆದರೆ ನಕಲಿಯೂ ಅಲ್ಲ. ನಕಲಿ ಮಾಡುವವನು ದೊಡ್ಡವರ ಹೆಸರು ಕೊರೆಯುತ್ತಾನೆ. ಈತ ತನ್ನದೇ ಹೆಸರು, ತನ್ನ ಹಳ್ಳಿಯ ಹೆಸರು ಕೊರೆದಿದ್ದಾನೆ. ಕೆಲಸ ಬಹಳ ಚೆನ್ನಾಗಿದೆಯಂತೆ. ಈತನ ಇನ್ನೊಂದು ಕತ್ತಿಯನ್ನು ಆ ಹಿರಿಯರು ಈವರೆಗೆ ಕಂಡಿಲ್ಲವಂತೆ."

"ಹೆಸರೇನು?" ಎಂದ ಯೂಸುಫ್.

"ತೊಕಿಹಾರು."

ಅವನು ಅದನ್ನು ತನ್ನಷ್ಟಕ್ಕೇ ಹೇಳಿ ನೋಡಿದ. "ಬಾಬಾ ಇದನ್ನು ಕೇಳಬೇಕಿತ್ತು," ಎಂದ. ತಾಯಿ ಅವನ ತಲೆ ಸವರಿದರು.

ಇಷ್ಟೆಲ್ಲ ನೆನಪಾದದ್ದೇ ತಡ, ಇವತ್ತು ಉಮ್ಮು ಯೂಸುಫರಿಗೆ ಫೋನ್ ಮಾಡಿದೆ. ಗಂಡ ಹೋದಮೇಲೆ ಊರಿನ ಗಡಿ ದಾಟಲು ಹಿಂಜರಿಯುತ್ತಿದ್ದವರು, ಈಗ ಮಗನೊಂದಿಗೆ ಆ ಹಳ್ಳಿ ನೋಡಲು ಹೊರಟಿದ್ದಾರಂತೆ! "ಅಲ್ಲಿ ಯಾರಾದರೂ ಕೇಳಿದರೆ ನಾನೇ ಅವನ ಹೆಸರು ಜಪಾನಿ ಅಕ್ಷರದಲ್ಲಿ ಬರೆದು ತೋರಿಸಬೇಕು, ಭಾಯಿ. ಮೊದಲ ಅಕ್ಷರ ಬಂತು. ಎರಡನೆಯದು ಕೈಗೆ ಕೂರುತ್ತಿಲ್ಲ."

ಹಿಂದಿನಿಂದ ಯೂಸುಫನ ದನಿ: "ಯುಮ್ಮಾ, ಆ ಗೆರೆ ಮೇಲಿನಿಂದ ಕೆಳಗೆ!"

ಅವರು ನಕ್ಕರು, ಫೋನ್ ಇಡುವುದನ್ನು ಮರೆತು ಬರೆಯತೊಡಗಿದರು. ನಾನೂ ಇಡಲಿಲ್ಲ. ಕಾಗದದ ಮೇಲೆ ಪೆನ್ನು ಸರಿಯುವ ಸದ್ದನ್ನೇ ಕೇಳುತ್ತ ಕುಳಿತೆ.