ಡಾಕ್ಟರ್ ಶಂಕರೆಪ್ಪನ ಯಂತ್ರ ಪಂಚಮಿಗೆ ಹೋದದ್ದು

ನಮ್ಮ ಬೈಲಹೊಂಗಲದ ಡಾಕ್ಟರ್ ಶಂಕರೆಪ್ಪನ ಎದುರು ಆಕಳಿಸಬಾರದು. ಆಕಳಿಸಿದರೆ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿ, ರಕ್ತ ಕಡಿಮೆ ಎನ್ನುತ್ತಾನೆ. ಬೆಳಗಾವಿಯ ಮೆಡಿಕಲ್ ಕಾಲೇಜೊಂದರಲ್ಲಿ ರಕ್ತರೋಗಗಳ ಪ್ರಾಧ್ಯಾಪಕ. ಮದುವೆಯ ಪಂಕ್ತಿಯಲ್ಲೂ ಉಪನ್ಯಾಸ ತಪ್ಪಿಸುವವನಲ್ಲ. ಕೇಳುವಷ್ಟರಲ್ಲಿ ನಮ್ಮ ಹುಗ್ಗಿ ತಣ್ಣಗಾಗಿರುತ್ತದೆ.

ಇಂಥವನು ಐವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಲು ಹೊರಟ. ಸೂಜಿ ಚುಚ್ಚದೆ, ಉಗುರಿನ ಬಣ್ಣ ನೋಡಿಯೇ ರಕ್ತ ಎಷ್ಟಿದೆಯೆಂದು ಹೇಳುವ ಯಂತ್ರ ಕಟ್ಟಿದ್ದ. ಅದನ್ನು ಪೂರ್ತಿ ಮಾಡಲು ಮೆಡಿಕಲ್ ಎಂಜಿನಿಯರಿಂಗ್‌ನಲ್ಲಿ ಪಿಎಚ್.ಡಿ. ಸೀಟು ಬೇಕು, ಅರ್ಜಿಯ ಜೊತೆ ಹಳ್ಳಿಯಲ್ಲಿ ಪರೀಕ್ಷಿಸಿದ ಫಲಿತಾಂಶ ಕಳಿಸಬೇಕು. ಸೀಟು ಸಿಗದಿದ್ದರೆ ಯಂತ್ರ ಕಪಾಟು ಸೇರಿದಂತೆಯೇ.

ಪರೀಕ್ಷೆಗೆ ಹುಟ್ಟೂರು ಸಾಲಹಳ್ಳಿಯನ್ನು, ನಾಗರಪಂಚಮಿಯ ಮರುದಿನವನ್ನು ಅವನೇ ಆರಿಸಿದ. ಹಬ್ಬಕ್ಕೆ ಊರ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿರುತ್ತಾರೆ, ಇಷ್ಟು ಕೈಗಳು ಬೇರೆಂದೂ ಸಿಗುವುದಿಲ್ಲ ಎಂಬ ಲೆಕ್ಕ. ಹೆಸರು ಬರೆದುಕೊಳ್ಳಲು ನನ್ನನ್ನೂ ಎಳೆದೊಯ್ದ.

ಒಂದು ಕೈಯಲ್ಲಿ ಶೇಂಗಾ ಉಂಡಿ ಹಿಡಿದು, ಇನ್ನೊಂದನ್ನು ಯಂತ್ರಕ್ಕೆ ಕೊಟ್ಟು ಹೆಂಗಸರು ಗುಡಿಯ ಕಟ್ಟೆಯ ಮುಂದೆ ಸಾಲುಗಟ್ಟಿದರು. ಎಲ್ಲರ ರಕ್ತವೂ ಭರ್ತಿ. ಶಂಕರೆಪ್ಪ ಉಬ್ಬಿದ, ಇದೆಲ್ಲ ಸಜ್ಜಿ ರೊಟ್ಟಿಯ ಮಹಿಮೆ ಎಂದು ಕಟ್ಟೆಯ ಮೇಲೆ ನಿಂತು ಭಾಷಣವನ್ನೂ ಮಾಡಿದ. ಕೊನೆಗೆ ಬಂದವಳು ಅವನ ತಂಗಿ ಸತ್ಯವ್ವ. ಯಂತ್ರ ಅವಳ ಹಿಮೋಗ್ಲೋಬಿನ್ನೂ ಹದಿನಾಲ್ಕು ಎಂದಿತು. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಅಣ್ಣಾ, ಅಷ್ಟ ರಕ್ತ ಇದ್ರ, ಕೊಡ ಎತ್ತಿದ ಕೂಡ್ಲೆ ನನಗ್ಯಾಕ ದಮ್ಮ ಹತ್ತತೈತಿ?”

ಶಂಕರೆಪ್ಪ ಅವಳ ರೆಪ್ಪೆ ಜಗ್ಗಿದ. ಒಳಗೆ ಬಿಳಿಚಿತ್ತು. ಆಮೇಲೆ ಬೆರಳು ನೋಡಿದ. ಉಗುರಿನ ತುಂಬ ಕೆಂಪು ಮದರಂಗಿ. ಪಂಚಮಿಯಲ್ಲಿ ಮದರಂಗಿ ಹಚ್ಚದ ಕೈ ಎಲ್ಲಿದೆ? ಚಿಕ್ಕಂದಿನಲ್ಲಿ ಇದೇ ತಂಗಿಗೆ ಸೊಪ್ಪು ಅರೆದುಕೊಟ್ಟವನು ಇವನೇ. ಯಂತ್ರ ಬೆಳಗಿನಿಂದ ಅಳೆದದ್ದು ಮದರಂಗಿಯನ್ನು.

ಮರಳುವಾಗ ಸವದತ್ತಿ ಬರುವಷ್ಟರಲ್ಲಿ ನಾನು ಎರಡು ಸಲ ಆಕಳಿಸಿದೆ, ಅವನು ರೆಪ್ಪೆ ಜಗ್ಗಲಿಲ್ಲ. ಅವನ ಮಟ್ಟಿಗೆ ಅದೂ ಒಂದು ರೋಗಲಕ್ಷಣವೇ. ಆ ಅಂಕಿಗಳನ್ನೇ ಕಳಿಸಿಬಿಡು, ನೋಡುವವರಿಗೇನು ಗೊತ್ತಾಗುತ್ತದೆ ಎಂದೆ.

“ಗೊತ್ತಾಗೂದಿಲ್ಲೋ ಮಾರಾಯಾ. ಆದ್ರ ನಮ್ಮ ಸತ್ಯವ್ವ ಆರಾಮ ಅದಾಳಂತ ನಾ ಹೆಂಗ ಬರೀಲಿ?”

ಯಂತ್ರ ಸೋತದ್ದನ್ನು ಇದ್ದಂತೆಯೇ ಬರೆದು ಕಳಿಸಿದ. ಸೀಟಿನ ಸಂದರ್ಶನದಲ್ಲಿ ಪರೀಕ್ಷಕರು ಕೇಳಿದ್ದು ಮದರಂಗಿಯ ಬಗ್ಗೆ ಮಾತ್ರವಂತೆ. ಇವನು ಉತ್ತರಿಸುತ್ತ ಉತ್ತರಿಸುತ್ತ ಪಂಚಮಿಯ ಜೋಕಾಲಿಯವರೆಗೂ ಹೋದನಂತೆ. ಸಾಕು ಎಂದು ಅವರೇ ತಡೆದರು. ಸೀಟು ಸಿಕ್ಕಿತು.

ಈ ವರ್ಷದ ಪಂಚಮಿಗೆ ಸತ್ಯವ್ವ ಬಂದಳು. ಕಬ್ಬಿಣಾಂಶದ ಗುಳಿಗೆ ನುಂಗಿ ಮುಖ ತುಂಬಿದೆ. ಓಣಿಯ ಹುಡುಗಿಯರು ಮದರಂಗಿ ಹಚ್ಚಲು ಕೂತಾಗ ಎಡಗೈಯ ಕಿರುಬೆರಳನ್ನು ಮಡಚಿಟ್ಟುಕೊಂಡಳು.

“ಇದೊಂದಕ್ಕ ಹಚ್ಚಬ್ಯಾಡ್ರಿ. ಇದು ನಮ್ಮಣ್ಣನ ಯಂತ್ರಕ್ಕ, ಅಂವ ಮತ್ತ ಸಾಲಿ ಕಲಿಯಾಕತ್ತಾನ.”